ರೇಡಿಯೇಟರ್ ವಾಲ್ವ್ ಜಿನುಗುತ್ತಿದೆಯೇ?

ಬಾಸ್ಟನ್, ಶಿಕಾಗೊ ಕಡೆಯ ಹಳೇ ಮನೆಗಳಲ್ಲಿ ಸಂಸಾರ ಹೂಡಿರುವ ನಮ್ಮವರಿಗೆ ಒಂದು ಮಾತು. ಬಿಸಿನೀರಿನ ರೇಡಿಯೇಟರಿನ ವಾಲ್ವ್ ಜಿನುಗಿದರೆ ಗಾಬರಿ ಬೇಡ, ಉದಾಸೀನವೂ ಬೇಡ; ಮರದ ನೆಲ ಹಾಳಾಗುತ್ತದೆ.

ಮೊದಲು ಬಾಯ್ಲರ್ ಆರಿಸಿ, ಕೊಳವೆ ಪೂರ್ತಿ ತಣಿಯಲಿ. ವಾಲ್ವನ್ನು ಒರೆಸಿ, ಟಿಶ್ಯೂ ಕಾಗದ ಸುತ್ತಿ ನೋಡಿ. ಒದ್ದೆಯಾದ ಕಡೆಯೇ ಸೋರಿಕೆ. ಹಿಡಿಯ ಕೆಳಗಿನ ನಟ್ಟಿನ ಬಳಿ ಒದ್ದೆಯಾದರೆ, ಒಂದು ಸ್ಪ್ಯಾನರಿನಿಂದ ವಾಲ್ವಿನ ಮೈಯನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ಟನ್ನು ಸ್ವಲ್ಪಸ್ವಲ್ಪವೇ, ಹೆಚ್ಚೆಂದರೆ ಕಾಲು ಸುತ್ತು, ಬಿಗಿಮಾಡಿ. ಜೋರು ಮಾಡಿದರೆ ಹಳೇ ಹಿತ್ತಾಳೆ ಸೀಳೀತು.

ಆಮೇಲೂ ಜಿನುಗಿದರೆ ಒಳಗಿನ ಪ್ಯಾಕಿಂಗ್ ಸವೆದಿದೆ ಎಂದರ್ಥ. ಅದನ್ನು ಬದಲಿಸಲು, ಅಥವಾ ಕೊಳವೆಯ ಜಾಯಿಂಟಿನಲ್ಲೇ ಸೋರುತ್ತಿದ್ದರೆ, ಪ್ಲಂಬರನ್ನೇ ಕರೆಸಿ. ಸೆಪ್ಟೆಂಬರಿನಲ್ಲೇ ಎಲ್ಲ ವಾಲ್ವುಗಳನ್ನೂ ಒಮ್ಮೆ ಪರೀಕ್ಷಿಸಿಕೊಂಡರೆ, ಹಿಮ ಬೀಳುವ ರಾತ್ರಿ ಪರದಾಟ ತಪ್ಪುತ್ತದೆ.