ಬೆಳಕಿನ ಅಕ್ಷರ

ರಾತ್ರಿ ಎಂಟು ಗಂಟೆ. ಮಗ ಟೆಂಪೊ ನಡೆಸುತ್ತಿದ್ದ. ಪಕ್ಕದಲ್ಲಿ ಅವ್ವ ಕುಳಿತಿದ್ದಳು. ಧಾರೂರು ಕಡೆಯ ಈ ಅವ್ವ-ಮಗ ಜಹೀರಾಬಾದಿನಿಂದ ಹುಮನಾಬಾದಿಗೆ ಹೊರಟಿದ್ದರು. ಇದು 65ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ಮೊದಲು ಇದಕ್ಕೆ 9ನೇ ನಂಬರ್ ಇತ್ತು. ಪುಣೆ, ಹೈದರಾಬಾದ್ ಲಾರಿಗಳು ಇದೇ ದಾರಿಯಲ್ಲಿ ಓಡಾಡುತ್ತವೆ.

ಗಡಿ ದಾಟಿತು. ಬೀದರ್ ಜಿಲ್ಲೆ ಬಂತು. ದೂರದಲ್ಲಿ ಕೆಂಪು ಬೆಳಕು ಕಂಡಿತು.

"ತಮ್ಮಾ, ಗಾಡಿ ಸಾವಕಾಶ ಹೊಡಿ. ಅಲ್ಲೇನೋ ಬರದಾರ."

"ನೀನೇ ಓದವ್ವಾ."

ಅವ್ವ ಒಂದೊಂದೇ ಅಕ್ಷರ ಕೂಡಿಸಿದಳು. "ಊ... ಟ. ವ... ಸ... ತಿ. ಊಟ, ವಸತಿ!"

ಅವ್ವನ ಕಣ್ಣು ತುಂಬಿ ಬಂದವು. ಹಿಂದೆ ಒಮ್ಮೆ ಅವಳು ಬೋರ್ಡು ಓದಲು ಬಾರದೆ ಬೇರೆ ಊರಿನ ಬಸ್ಸು ಹತ್ತಿದ್ದಳು. ಗುರುತಿಲ್ಲದ ಊರು. ಇಡೀ ರಾತ್ರಿ ಬಸ್ ನಿಲ್ದಾಣದಲ್ಲಿ ಚಳಿಯಲ್ಲಿ ಕುಳಿತಿದ್ದಳು. ಎದುರಿಗೇ ವಸತಿಗೃಹ ಇತ್ತು. ಅದು ಏನೆಂದು ಅವಳಿಗೆ ತಿಳಿದಿರಲಿಲ್ಲ.

"ಅವತ್ತ ಬೋರ್ಡಿಗಿ ಲೈಟ್ ಇತ್ತು ತಮ್ಮಾ. ನನಗೇ ಓದಲಿಕ್ಕಿ ಬರತಿರಲಿಲ್ಲ," ಎಂದಳು.

ಬೋರ್ಡು ಬೆಳಗುವುದು ಹೇಗೆ?

ಈಗಿನ ಬಹಳ ಬೋರ್ಡುಗಳಲ್ಲಿ ಎಲ್‌ಇಡಿ ದೀಪ ಇರುತ್ತದೆ. ಅದಕ್ಕೆ ಕರೆಂಟು ಕಡಿಮೆ ಸಾಕು. ಇದಕ್ಕೂ ಮೊದಲು ನಿಯಾನ್ ದೀಪದ ಕಾಲ ಇತ್ತು.

ನಿಯಾನ್ ಒಂದು ಅನಿಲ. ನಾವು ಉಸಿರಾಡುವ ಗಾಳಿಯಲ್ಲಿ ಅದು ಬಹಳ ಸ್ವಲ್ಪ ಇದೆ. 1898ರಲ್ಲಿ ಲಂಡನ್ನಿನಲ್ಲಿ ರಾಮ್ಸೆ ಮತ್ತು ಟ್ರಾವರ್ಸ್ ಎಂಬ ವಿಜ್ಞಾನಿಗಳು ಅದನ್ನು ಕಂಡುಹಿಡಿದರು. 1910ರಲ್ಲಿ ಜಾರ್ಜ್ ಕ್ಲೋಡ್ ಎಂಬುವರು ಪ್ಯಾರಿಸ್ಸಿನಲ್ಲಿ ನಿಯಾನ್ ದೀಪ ತೋರಿಸಿದರು.

ಗಾಜಿನ ಕೊಳವೆಯನ್ನು ಬೆಂಕಿಯಲ್ಲಿ ಕಾಯಿಸುತ್ತಾರೆ. ಅದು ಮೆತ್ತಗಾಗುತ್ತದೆ. ಆಗ ಕೈಯಿಂದ ಬಾಗಿಸಿ ಅಕ್ಷರ ಮಾಡುತ್ತಾರೆ. ಒಳಗಿನ ಗಾಳಿ ತೆಗೆದು ಸ್ವಲ್ಪ ನಿಯಾನ್ ತುಂಬುತ್ತಾರೆ. ಜೋರಾದ ಕರೆಂಟು ಹರಿಸಿದರೆ ಕೆಂಪು-ಕೇಸರಿ ಬೆಳಕು ಬರುತ್ತದೆ. ನೀಲಿ ಬೇಕಾದರೆ ಆರ್ಗಾನ್ ಎಂಬ ಬೇರೆ ಅನಿಲ ಮತ್ತು ಸ್ವಲ್ಪ ಪಾದರಸ ಹಾಕುತ್ತಾರೆ.

ಮರುಭೂಮಿಯ ದಾರಿ

ಅಮೆರಿಕದಲ್ಲಿ 66ನೇ ನಂಬರಿನ ರಸ್ತೆ ಇತ್ತು. ಅದು 1926ರಲ್ಲಿ ಆರಂಭವಾಯಿತು. ಉದ್ದ ಸುಮಾರು 3,900 ಕಿಲೋಮೀಟರ್. ನಡುವೆ ದೊಡ್ಡ ಮರುಭೂಮಿ. ಅಲ್ಲಿ ಕಾರಿನವರು ತಂಗಲು ಸಣ್ಣ ವಸತಿಗೃಹಗಳು ಇದ್ದವು. ಅವಕ್ಕೆ ಮೋಟೆಲ್ ಎಂದು ಹೆಸರು. ಮೋಟೆಲ್ ಮುಂದೆ ನಿಯಾನ್ ಬೋರ್ಡು. ಕತ್ತಲಲ್ಲಿ ಅದು ಬಹು ದೂರಕ್ಕೆ ಕಾಣುತ್ತಿತ್ತು.

ಬೋರ್ಡಿನಲ್ಲಿ "ಕೋಣೆ ಖಾಲಿ" ಎಂಬ ಅರ್ಥದ ಪದ ಇರುತ್ತಿತ್ತು. ಕೋಣೆಗಳು ತುಂಬಿದ ಮೇಲೆ "ಇಲ್ಲ" ಎಂಬ ಪದವನ್ನೂ ಬೆಳಗಿಸುತ್ತಿದ್ದರು. ಓದು ಬಂದವರು ಇಳಿದು ಕೇಳಬೇಕಾಗಿರಲಿಲ್ಲ. ಒಂದೇ ಪದ ನೋಡಿ ಮುಂದೆ ಹೋಗುತ್ತಿದ್ದರು.

ಮುಂದೆ ಅಗಲವಾದ ಹೊಸ ರಸ್ತೆಗಳು ಬಂದವು. 1985ರಲ್ಲಿ 66ನೇ ನಂಬರನ್ನು ತೆಗೆದರು. ಗಿರಾಕಿ ಇಲ್ಲದೆ ಬಹಳ ಮೋಟೆಲ್ ಮುಚ್ಚಿದವು. ಕೆಲವು ಹಳೆಯ ಬೋರ್ಡುಗಳನ್ನು ಜನ ರಿಪೇರಿ ಮಾಡಿ ಉಳಿಸಿದ್ದಾರೆ. ಟುಕುಮ್‌ಕಾರಿ ಊರಿನ ಬ್ಲೂ ಸ್ವಾಲೋ ಮೋಟೆಲ್ ಬೋರ್ಡು ಹೆಸರಾದದ್ದು. ಅದರ ಮೇಲೆ ನೀಲಿ ಹಕ್ಕಿ ಇದೆ.

ತಿಳಿದಿರಲಿ

ನಮ್ಮ ಗಡಿಯಲ್ಲಿ ಕನ್ನಡ, ತೆಲುಗು ಎರಡೂ ಬೋರ್ಡು ಕಾಣುತ್ತವೆ. ಅಕ್ಷರಗಳು ಅಕ್ಕ-ತಂಗಿಯರ ಹಾಗೆ. ತಲೆಕಟ್ಟು ನೋಡಿ ಗುರುತಿಸಿರಿ. ತೆಲುಗಿನ ತಲೆಕಟ್ಟು ಸರಿ ಗುರುತಿನ ಹಾಗೆ ಓರೆಯಾಗಿ ಮೇಲೇಳುತ್ತದೆ. ಕನ್ನಡದ್ದು ಅಡ್ಡ ಗೆರೆಯ ಹಾಗೆ ಇರುತ್ತದೆ.

ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ.

ಉತ್ತರ ಹೇಳಿರಿ

1. ಅವ್ವ ಯಾವ ಎರಡು ಪದ ಓದಿದಳು?
2. ನಿಯಾನ್ ಬೆಳಕಿನ ಬಣ್ಣ ಯಾವುದು?
3. "ಇಲ್ಲ" ಎಂಬ ಪದವನ್ನು ಯಾವಾಗ ಬೆಳಗಿಸುತ್ತಿದ್ದರು?

ಮಾಡಿರಿ

ನಿಮ್ಮ ಊರಿನ ಬಸ್ ನಿಲ್ದಾಣಕ್ಕೆ ಹೋಗಿರಿ. ಐದು ಬೋರ್ಡು ಓದಿರಿ. ಕನ್ನಡದಲ್ಲಿ ಬರೆದುಕೊಂಡು ಬನ್ನಿರಿ. ಓದು ಬಾರದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿರಿ.