ನಾಟಿ ಕೋಳಿಯ ತಳಿ ಕೆಡದಂತೆ ಸಾಕುವ ಬಗೆ

ಹಳ್ಳಿಯ ಹಿತ್ತಲುಗಳಲ್ಲಿ ಐದಾರು ನಾಟಿ ಕೋಳಿಗಳನ್ನು ಸಾಕುವುದು ಬಹು ಕಾಲದಿಂದ ನಡೆದುಬಂದ ರೂಢಿ. ತಿಪ್ಪೆ ಕೆದಕಿ, ಹುಳುಹುಪ್ಪಟೆ ಹಾಗೂ ಕಣದಲ್ಲಿ ಚೆಲ್ಲಿದ ಕಾಳು ತಿಂದು ಬೆಳೆಯುವ ಈ ಕೋಳಿಗಳು ಮನೆಯ ಹೆಣ್ಣುಮಕ್ಕಳಿಗೆ ಕಷ್ಟಕಾಲದಲ್ಲಿ ಒದಗುವ ಹಣವಿದ್ದಂತೆ. ಆದರೆ ‘ಕೋಳಿ ಮೊದಲಿನಂತೆ ಮೈ ಹಿಡಿಯುವುದಿಲ್ಲ, ಮರಿ ನಿಲ್ಲುವುದಿಲ್ಲ’ ಎಂಬ ಮಾತು ಅನೇಕ ಕಡೆ ಕೇಳಿಬರುತ್ತದೆ. ಇದಕ್ಕೆ ರೋಗವೊಂದೇ ಕಾರಣವಲ್ಲ. ತಳಿಗೆ ಉಳಿಯಬೇಕಾದ ಹುಂಜ ಎಲ್ಲಕ್ಕಿಂತ ಮೊದಲು ಸಂತೆಗೆ ಹೋಗುವುದೂ ಒಂದು ಕಾರಣ.

ತಳಿ ಕೆಡುವುದು ಹೇಗೆ?

ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ, ಊರ ಹಬ್ಬಕ್ಕೆ ಬೇಗ ಮೈತುಂಬಿದ ಹುಂಜಕ್ಕೇ ಬೇಡಿಕೆ. ಅದು ಮಾರಿಹೋದ ಮೇಲೆ ಹಿತ್ತಲಿನಲ್ಲಿ ಉಳಿಯುವುದು ಯಾರೂ ಕೊಳ್ಳದ ಸಣಕಲು ಹುಂಜ. ಒಂದು ಹೇಂಟೆಯ ಗುಣ ಅದರ ಮರಿಗಳಿಗೆ ಮಾತ್ರ ಬರುತ್ತದೆ. ಹುಂಜದ ಗುಣವಾದರೋ ಆ ವರ್ಷದ ಎಲ್ಲ ಮರಿಗಳಿಗೂ ಬರುತ್ತದೆ. ಹೀಗೆ ನಾಲ್ಕೈದು ವರ್ಷ ನಡೆದರೆ ಇಡೀ ಗುಂಪು ಕುಗ್ಗುತ್ತದೆ.

ಎರಡನೆಯದಾಗಿ, ಒಂದೇ ಹುಂಜವನ್ನು ಬಹು ವರ್ಷ ಉಳಿಸಿಕೊಂಡರೆ ಅದು ತನ್ನ ಮಗಳು, ಮೊಮ್ಮಗಳೊಡನೆಯೇ ಕೂಡುತ್ತದೆ. ಇಂತಹ ರಕ್ತಸಂಬಂಧದ ಕೂಡಿಕೆಯಿಂದ ಮೊಟ್ಟೆ ಮರಿಯಾಗುವ ಪ್ರಮಾಣ ತಗ್ಗುತ್ತದೆ, ಮರಿಗಳ ಕಸುವೂ ಕುಂದುತ್ತದೆ.

ಮೂರನೆಯದು ಬೆರಕೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ಕೋಳಿಗಳು ವರ್ಷಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಕೊಡಬಲ್ಲವು. ನಾಟಿ ಹೇಂಟೆ ಇಡುವುದು ಸುಮಾರು 50ರಿಂದ 60. ಹೆಚ್ಚು ಮೊಟ್ಟೆ ಬೇಕೆನ್ನುವವರು ಗಿರಿರಾಜ ಸಾಕುವುದು ಸರಿಯೇ. ಆದರೆ ಅವು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ನಾಟಿ ಗುಂಪಿಗೆ ಈ ಹುಂಜಗಳನ್ನು ಬಿಟ್ಟರೆ ಮೊದಲ ಪೀಳಿಗೆ ದಪ್ಪನಾಗಿ ಕಂಡೀತು. ಕ್ರಮೇಣ ಕಾವು ಕೂರುವ ಗುಣ ಮರೆಯಾಗಿ, ಮರಿಗಾಗಿ ಪ್ರತಿ ಸಲವೂ ಹೊರಗಿನವರನ್ನು ಅವಲಂಬಿಸಬೇಕಾಗುತ್ತದೆ. ಆದ್ದರಿಂದ ಎರಡನ್ನೂ ಸಾಕುವವರು ಹುಂಜಗಳನ್ನು ಬೇರೆ ಬೇರೆ ಇಡಬೇಕು.

ನಾಟಿ ಕೋಳಿ ಎಂದರೆ ಹೆಸರಿಲ್ಲದ ಕೋಳಿ ಎಂದು ತಿಳಿಯಬಾರದು. ಕರ್ನಾಟಕ ಮತ್ತು ಆಂಧ್ರಪ್ರದೇಶಕ್ಕೆ ಸೇರಿದ ಘಾಗಸ್ ಕೋಳಿಯು ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ಅನುವಂಶಿಕ ಸಂಪನ್ಮೂಲ ಬ್ಯೂರೋದಲ್ಲಿ ನೋಂದಾಯಿತವಾದ ತಳಿ. ಕತ್ತಿನಲ್ಲಿ ಗರಿಯಿಲ್ಲದ ಕೋಳಿಯನ್ನು ಕೆಲವರು ವಿಕಾರವೆಂದು ಮೊದಲು ಮಾರುತ್ತಾರೆ. ಗರಿ ಕಡಿಮೆಯಿರುವುದರಿಂದ ಅದು ಬೇಸಿಗೆಯ ಸೆಕೆಯನ್ನು ಇತರ ಕೋಳಿಗಳಿಗಿಂತ ಚೆನ್ನಾಗಿ ತಡೆಯುತ್ತದೆ. ಬಿಸಿಲು ನಾಡಿನಲ್ಲಿ ಅದನ್ನು ಉಳಿಸಿಕೊಳ್ಳುವುದು ಲಾಭಕರ.

ಹುಂಜ ಮತ್ತು ಹೇಂಟೆಯ ಆಯ್ಕೆ

ಹುಂಜಗಳು ಐದಾರು ತಿಂಗಳಾದಾಗ, ಮಾರುವ ಮುನ್ನವೇ, ಎರಡು ಮೂರನ್ನು ತಳಿಗೆಂದು ಆರಿಸಿಡಬೇಕು. ಅಗಲವಾದ ಎದೆ, ನೇರವಾದ ಎದೆಮೂಳೆ, ಗಟ್ಟಿ ಕಾಲು, ಕೆಂಪು ಜುಟ್ಟು, ಚುರುಕು ಕಣ್ಣು ಇರಬೇಕು. ಅವುಗಳ ತಾಯಿ ಚೆನ್ನಾಗಿ ಮರಿ ಮಾಡುವ ಹೇಂಟೆಯಾಗಿರಬೇಕು. 8ರಿಂದ 10 ಹೇಂಟೆಗಳಿಗೆ ಒಂದು ಹುಂಜ ಸಾಕು.

ಹೇಂಟೆಯನ್ನು ಮೊಟ್ಟೆಯ ಲೆಕ್ಕದಿಂದ ಮಾತ್ರ ಅಳೆಯಬಾರದು. ಉದಾಹರಣೆಗೆ, ಹತ್ತು ಮರಿ ಮಾಡಿ ಮೂರನ್ನು ಉಳಿಸಿದ ಹೇಂಟೆಗಿಂತ, ಎಂಟು ಮರಿ ಮಾಡಿ ಆರನ್ನು ಉಳಿಸಿದ ಹೇಂಟೆ ಮೇಲು. ಪ್ರತಿ ಹೇಂಟೆಯ ಕಾಲಿಗೆ ಬೇರೆ ಬೇರೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಿ, ಇಟ್ಟ ಮೊಟ್ಟೆ, ಹೊರಬಂದ ಮರಿ, ಎರಡು ತಿಂಗಳ ನಂತರ ಉಳಿದ ಮರಿ ಇವನ್ನು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಹಾಕಿದರೂ ಸಾಕು, ಒಂದೇ ವರ್ಷದಲ್ಲಿ ಒಳ್ಳೆಯ ತಾಯಿ ಯಾವುದೆಂದು ತಿಳಿಯುತ್ತದೆ.

ಒಂದೆರಡು ವರ್ಷಕ್ಕೊಮ್ಮೆ ಹುಂಜವನ್ನು ಬದಲಿಸಬೇಕು. ಹೇಂಟೆಗಳನ್ನು ಮನೆಯಲ್ಲೇ ಉಳಿಸಿಕೊಂಡು, ಬೇರೆ ಊರಿನ ನೆಂಟರೊಡನೆ ಒಳ್ಳೆಯ ನಾಟಿ ಹುಂಜವನ್ನು ಅದಲುಬದಲು ಮಾಡಿಕೊಳ್ಳುವುದು ಸುಲಭವಾದ ದಾರಿ. ಹೊಸ ಹುಂಜವನ್ನು ಮೂರು ವಾರ ಬೇರೆಡೆ ಕಟ್ಟಿ, ರೋಗವಿಲ್ಲವೆಂದು ಖಚಿತವಾದ ಮೇಲೆ ಗುಂಪಿಗೆ ಬಿಡಬೇಕು. ಹಳೆಯ ಹುಂಜವನ್ನು ತೆಗೆದ ಮೇಲೂ ಎರಡು ಮೂರು ವಾರ ಹೇಂಟೆಯ ಮೊಟ್ಟೆಗಳಲ್ಲಿ ಅದರ ಫಲವೇ ಇರಬಹುದು. ಆದ್ದರಿಂದ ಹುಂಜ ಬದಲಿಸಿ ಮೂರು ವಾರವಾದ ನಂತರದ ಮೊಟ್ಟೆಗಳನ್ನೇ ತಳಿಗಾಗಿ ಮರಿ ಮಾಡಿಸಬೇಕು.

ಕಾವಿಗೆ ಕೂರಿಸುವುದು

ತೀರ ಸಣ್ಣ, ಸೀಳಿದ, ಆಕಾರಗೆಟ್ಟ ಮೊಟ್ಟೆಗಳನ್ನು ಬಿಡಬೇಕು. ಮೊಟ್ಟೆಗಳನ್ನು ತೊಳೆಯಬಾರದು. ಚೂಪು ತುದಿ ಕೆಳಗಾಗಿ ತಂಪಾದ ಜಾಗದಲ್ಲಿಟ್ಟು, ಒಂದು ವಾರದೊಳಗಿನವನ್ನೇ ಬಳಸಬೇಕು. ಬೇಸಿಗೆಯಲ್ಲಿ ಇನ್ನೂ ಬೇಗ ಕೂರಿಸುವುದು ಒಳ್ಳೆಯದು. ಮಂಕರಿಯಲ್ಲಿ ಒಣಹುಲ್ಲು ಹಾಸಿ 10ರಿಂದ 12 ಮೊಟ್ಟೆಗಳನ್ನಿಟ್ಟು ಸಂಜೆಯ ಹೊತ್ತಿನಲ್ಲಿ ಹೇಂಟೆಯನ್ನು ಕೂರಿಸಬೇಕು. ಮೊದಲೇ ಅದರ ಮೈಯಲ್ಲಿ ಹೇನು, ಉಣ್ಣೆ ಇದೆಯೇ ಎಂದು ನೋಡಿಕೊಳ್ಳಬೇಕು. ಕಾಟ ತಾಳದೆ ಹೇಂಟೆ ನಡುವೆಯೇ ಎದ್ದುಹೋಗುವುದುಂಟು.

ಏಳನೆಯ ರಾತ್ರಿ ಕತ್ತಲೆಯಲ್ಲಿ ಮೊಟ್ಟೆಯನ್ನು ಬ್ಯಾಟರಿಯ ಬೆಳಕಿಗೆ ಹಿಡಿದರೆ, ಮರಿ ಬೆಳೆಯುತ್ತಿರುವ ಮೊಟ್ಟೆಯಲ್ಲಿ ಜೇಡರ ಬಲೆಯಂತೆ ರಕ್ತನಾಳಗಳು ಕಾಣುತ್ತವೆ. ಏನೂ ಕಾಣದ ಮೊಟ್ಟೆಗಳನ್ನು ತೆಗೆಯಬೇಕು. ಎಲ್ಲ ಹೇಂಟೆಗಳ ಕೆಳಗೂ ಇಂತಹ ಬರಿ ಮೊಟ್ಟೆಗಳೇ ಹೆಚ್ಚಾದರೆ ಹುಂಜದ ಕಡೆ ಗಮನ ಹರಿಸಬೇಕು. 21ನೆಯ ದಿನ ಮರಿಗಳು ಹೊರಬರುತ್ತವೆ.

ಮರಿಗಳ ಪಾಲನೆ

ಮರಿಗಳ ನಷ್ಟ ಹೆಚ್ಚಾಗಿ ಮೊದಲ ತಿಂಗಳಲ್ಲೇ. ಹದ್ದು, ಕಾಗೆ, ಮುಂಗುಸಿ, ಬೆಕ್ಕುಗಳಿಂದ ಕಾಪಾಡಲು ಮೊದಲ ಮೂರು ನಾಲ್ಕು ವಾರ ತಾಯಿಯೊಡನೆ ಮರಿಗಳನ್ನು ದೊಡ್ಡ ಮಂಕರಿಯ ಅಡಿಯಲ್ಲಿ ಅಥವಾ ಬಲೆ ಹೊದಿಸಿದ ಆವರಣದಲ್ಲಿ ಇಡಬೇಕು. ನುಚ್ಚು, ಪುಡಿ ಮಾಡಿದ ಜೋಳ ಅಥವಾ ರಾಗಿಯ ಜೊತೆ ಸ್ವಲ್ಪ ಕಡಲೆಕಾಯಿ ಹಿಂಡಿ ಕೊಡಬೇಕು. ಬೂಸ್ಟು ಹಿಡಿದ ಹಿಂಡಿ ವಿಷಕಾರಿ, ಅದನ್ನು ಹಾಕಬಾರದು. ಮಡಕೆಯಲ್ಲಿ ಒಣಹುಲ್ಲು, ಸಗಣಿ ತುಂಬಿ ನೀರು ಚಿಮುಕಿಸಿ ಗೆದ್ದಲಿರುವ ಕಡೆ ಬೋರಲು ಹಾಕಿದರೆ, ಅದಕ್ಕೆ ಹತ್ತುವ ಗೆದ್ದಲು ಮರಿಗಳಿಗೆ ಉತ್ತಮ ಆಹಾರ. ನೀರಿನ ತಟ್ಟೆ ಆಳವಿಲ್ಲದಿರಲಿ.

ಕೊಕ್ಕರೆ ರೋಗದಿಂದ ರಕ್ಷಣೆ

ಐದು ವರ್ಷ ಆರಿಸಿ ಬೆಳೆಸಿದ ಗುಂಪನ್ನು ಕೊಕ್ಕರೆ ರೋಗ ಒಂದೇ ವಾರದಲ್ಲಿ ಬರಿದು ಮಾಡಬಲ್ಲದು. ಹಸಿರು ಭೇದಿ, ಬಾಯಿ ತೆರೆದು ಉಸಿರಾಡುವುದು, ಕತ್ತು ತಿರುಚುವುದು, ಕಾಲು ಸೋಲುವುದು ಇದರ ಲಕ್ಷಣಗಳು. ರೋಗ ಬಂದ ಮೇಲೆ ಔಷಧಿಯಿಲ್ಲ, ಲಸಿಕೆಯೊಂದೇ ರಕ್ಷಣೆ. ಮರಿಗೆ 5ರಿಂದ 7 ದಿನಗಳಾದಾಗ ಲಸೋಟಾ ಅಥವಾ ಎಫ್-1 ಲಸಿಕೆಯ ಒಂದು ತೊಟ್ಟನ್ನು ಕಣ್ಣಿಗೆ ಇಲ್ಲವೆ ಮೂಗಿಗೆ ಹಾಕಿಸಬೇಕು. ನಾಲ್ಕನೆಯ ವಾರ ಲಸೋಟಾವನ್ನು ಮತ್ತೆ ಹಾಕಿಸಿ, 8ರಿಂದ 10 ವಾರಗಳಾದಾಗ ಆರ್2ಬಿ ಲಸಿಕೆಯನ್ನು ರೆಕ್ಕೆಯ ಅಡಿ ಚರ್ಮದ ಕೆಳಗೆ ಚುಚ್ಚಿಸಬೇಕು. ಅದಕ್ಕೆ ಒಂದು ವಾರ ಮೊದಲು ಜಂತುಹುಳುವಿನ ಔಷಧಿ ಕೊಡುವುದು ಉತ್ತಮ.

ಹತ್ತು ಕೋಳಿಗಾಗಿ ಲಸಿಕೆ ತರುವುದು ಹೇಗೆ ಎಂಬುದು ಹಲವರ ತೊಡಕು. ಒಂದು ಬಾಟಲಿನಲ್ಲಿ ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ಒಂದು ಬೀದಿಯ ಎಂಟು ಹತ್ತು ಮನೆಯವರು ಸೇರಿ, ಪಶುವೈದ್ಯ ಸಿಬ್ಬಂದಿಗೆ ಮೊದಲೇ ತಿಳಿಸಿ, ಬೆಳಗಿನ ಜಾವ ಗೂಡು ತೆರೆಯುವ ಮುನ್ನ ಎಲ್ಲ ಕೋಳಿಗಳಿಗೂ ಹಾಕಿಸಬೇಕು. ಲಸಿಕೆಯನ್ನು ಮಂಜುಗಡ್ಡೆಯ ಫ್ಲಾಸ್ಕಿನಲ್ಲೇ ತರಬೇಕು. ನೆರೆಮನೆಯ ಕೋಳಿಗೆ ಲಸಿಕೆಯಿಲ್ಲದಿದ್ದರೆ ರೋಗ ಬೀದಿಯಲ್ಲಿ ಉಳಿಯುತ್ತದೆ. ರೋಗದಿಂದ ಸತ್ತ ಕೋಳಿಗಳನ್ನು ತಿಪ್ಪೆಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ನಾಟಿ ಕೋಳಿಯ ತಳಿ ಉಳಿಸಲು ದೊಡ್ಡ ಬಂಡವಾಳ ಬೇಕಿಲ್ಲ. ಹಬ್ಬದ ಮುಂಚೆ ವ್ಯಾಪಾರಿ ಬಂದು ಗುಂಪಿನ ಅತ್ಯುತ್ತಮ ಹುಂಜಕ್ಕೆ ಬೆಲೆ ಕಟ್ಟಿದಾಗ ಅದನ್ನು ಬಿಟ್ಟು ಮಿಕ್ಕವನ್ನು ಮಾರುವಷ್ಟು ತಾಳ್ಮೆ ಬೇಕು. ಆ ದಿನ ಕೈಬಿಟ್ಟ ಹಣವು ಮುಂದಿನ ವರ್ಷ ಅದರ ಮರಿಗಳ ರೂಪದಲ್ಲಿ ಹಿಂದಿರುಗುವುದು.