ಕಂಡುದನ್ನು ಹಿಡಿದಿಡುವ ಮಿದುಳು

ಕಾಪುವಿನ ಕಡಲ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅದರ ಬೆಳಕು ಗೊತ್ತಾದ ಕ್ರಮದಲ್ಲಿ ಮಿಂಚಿ ಮರೆಯಾಗುತ್ತದೆ. ಆ ಕ್ರಮದಿಂದಲೇ ನಾವಿಕನು ಇದು ಇಂಥ ದೀಪಸ್ತಂಭವೆಂದು ಗುರುತಿಸುವನು. ಎರಡು ಮಿಂಚುಗಳ ನಡುವಣ ಕತ್ತಲಲ್ಲಿ ಕಣ್ಣಿಗೆ ಏನೂ ಕಾಣದು. ಹಾಗಾದರೆ ಕಳೆದ ಮಿಂಚನ್ನು ಮುಂದಿನದು ಬರುವವರೆಗೆ ಹಿಡಿದಿಡುವುದು ಯಾವುದು? ಮಿದುಳು. ಈ ಶಕ್ತಿಯನ್ನು ಅಲ್ಪಕಾಲಿಕ ದೃಷ್ಟಿಸ್ಮೃತಿ ಎನ್ನಬಹುದು.

ಇದರಲ್ಲಿ ಎರಡು ಹಂತಗಳುಂಟು. ಮೊದಲನೆಯದನ್ನು 1960ರಲ್ಲಿ ಅಮೆರಿಕದ ಜಾರ್ಜ್ ಸ್ಪರ್ಲಿಂಗ್ ತೋರಿಸಿಕೊಟ್ಟರು. ಮೂರು ಸಾಲುಗಳಲ್ಲಿ 12 ಅಕ್ಷರಗಳನ್ನು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಕಾಲ ತೋರಿಸಿದರೆ ನೋಡಿದವರು ನಾಲ್ಕೈದನ್ನು ಮಾತ್ರ ಹೇಳಬಲ್ಲವರಾಗಿದ್ದರು. ಆದರೆ ಅಕ್ಷರಗಳು ಮರೆಯಾದೊಡನೆ ಒಂದು ನಾದದಿಂದ ಯಾವುದಾದರೊಂದು ಸಾಲನ್ನು ಸೂಚಿಸಿದಾಗ, ಆ ಸಾಲಿನ ನಾಲ್ಕರಲ್ಲಿ ಸುಮಾರು ಮೂರನ್ನು ಹೇಳಿದರು. ಯಾವ ಸಾಲನ್ನು ಕೇಳುವರೆಂದು ಅವರಿಗೆ ಮುಂಚೆ ತಿಳಿದಿರಲಿಲ್ಲ. ಆದ್ದರಿಂದ ಆ ಕ್ಷಣದಲ್ಲಿ ಚಿತ್ರದ ಬಹುಭಾಗ ಉಳಿದೇ ಇದ್ದಿತೆಂದಾಯಿತು. ಸೂಚನೆ ಒಂದು ಸೆಕೆಂಡು ತಡವಾದರೆ ಈ ಲಾಭವೆಲ್ಲ ಇಲ್ಲವಾಗುತ್ತಿತ್ತು.

ಎರಡನೆಯ ಹಂತ ಕೆಲವು ಸೆಕೆಂಡುಗಳವರೆಗೆ ನಿಲ್ಲುವಂಥದು, ಆದರೆ ಇಕ್ಕಟ್ಟಾದುದು. 1997ರಲ್ಲಿ ಸ್ಟೀವನ್ ಲಕ್ ಮತ್ತು ಎಡ್ವರ್ಡ್ ವೋಗೆಲ್ ಎಂಬವರು ಬಣ್ಣದ ಚೌಕಗಳನ್ನು ತೋರಿಸಿ ಮರೆಮಾಡಿ, ಮತ್ತೆ ತೋರಿಸಿ, ಏನಾದರೂ ಬದಲಾಗಿದೆಯೆ ಎಂದು ಕೇಳಿದರು. ಮೂರು ನಾಲ್ಕು ಚೌಕಗಳನ್ನು ಮೀರಿದಂತೆ ತಪ್ಪುಗಳು ಹೆಚ್ಚಿದವು.

ಮಣಿಪಾಲದ ಅಂಗರಚನಾ ಸಂಗ್ರಹಾಲಯದಲ್ಲಿ ಮಿದುಳನ್ನು ನೋಡಿ, ಅದರಲ್ಲಿ ನೆನಪಿನ ಪೆಟ್ಟಿಗೆಯನ್ನು ಹುಡುಕಿದರೆ ಸಿಕ್ಕದು. ಈ ಕೆಲಸ ಹಲವು ಭಾಗಗಳಿಗೆ ಹಂಚಿಹೋಗಿದೆ. ತಲೆಯ ಹಿಂಬದಿಯಲ್ಲಿರುವ ದೃಷ್ಟಿಕೇಂದ್ರವು ಕಂಡುದರ ವಿವರಗಳನ್ನು ಕಾಯುತ್ತದೆ. ಹಣೆಯ ಹಿಂದಿನ ಭಾಗವು ಬೇಕಾದುದನ್ನು ಆರಿಸಿ ಉಳಿಸಲು ನೆರವಾಗುತ್ತದೆ. ಇವೆರಡರ ನಡುವೆ, ನೆತ್ತಿಯ ಹಿಂಬದಿಯಲ್ಲಿ, ಇನ್ನೊಂದು ಭಾಗವುಂಟು. ನೆನಪಿಡಬೇಕಾದ ವಸ್ತುಗಳು ಹೆಚ್ಚಿದಂತೆ ಅದರ ಚಟುವಟಿಕೆ ಏರುತ್ತದೆ. ಮೂರು ನಾಲ್ಕಕ್ಕೆ ಬಂದೊಡನೆ ಆ ಏರಿಕೆ ನಿಲ್ಲುತ್ತದೆ. ಇದು 2004ರಲ್ಲಿ ಪ್ರಕಟವಾದ ಸಂಶೋಧನೆ.

ಈ ಮಿತಿಯನ್ನು ಅರಿಯುವುದು ನಮಗೆ ಜೀವದ ಪ್ರಶ್ನೆ. ಕಾಪು, ಕಾರ್ಕಳಗಳಿಂದ ಉಡುಪಿಗೆ ದ್ವಿಚಕ್ರ ವಾಹನದಲ್ಲಿ ಬರುವ ವಿದ್ಯಾರ್ಥಿಯೊಬ್ಬನು ಅಡ್ಡರಸ್ತೆಯಿಂದ ಮುಖ್ಯರಸ್ತೆಯನ್ನು ದಾಟಬೇಕಾಗಿದೆ ಎಂದುಕೊಳ್ಳೋಣ. ಬಲಕ್ಕೆ ನೋಡಿ ಅವನು ಎಡಕ್ಕೆ ತಿರುಗಿದಾಗ ಬಲಗಡೆಯ ನೋಟ ಸ್ಮೃತಿಯಲ್ಲಿ ಮಾತ್ರ ಇರುತ್ತದೆ. ಎಡಗಡೆಯ ಬಸ್ಸು, ಲಾರಿ, ಆಟೋರಿಕ್ಷಾಗಳು ಅಲ್ಲಿಯ ಮೂರು ನಾಲ್ಕು ಸ್ಥಾನಗಳನ್ನು ತುಂಬಿದರೆ, ಬಲಗಡೆ ಕಂಡಿದ್ದ ಬೈಕು ಜಾರಿಹೋಗಬಹುದು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಎರಡೇ ಸೆಕೆಂಡುಗಳಲ್ಲಿ 33 ಮೀಟರ್ ಮುಂದೆ ಬಂದಿರುತ್ತದೆ! ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದವರು 2019ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೃತಕ ವಾಹನದಲ್ಲಿ ಕುಳಿತ ಚಾಲಕರು ತಾವು ಕಣ್ಣಾರೆ ನೋಡಿದ ಬೈಕನ್ನೇ ಕೆಲವೊಮ್ಮೆ ಮರೆತಿದ್ದರು.

ಆ ಸಂಶೋಧಕರು ಸೂಚಿಸಿದ ಉಪಾಯ ಸರಳವಾಗಿದೆ: ಬೈಕನ್ನು ಕಂಡೊಡನೆ ‘ಬೈಕು’ ಎಂದು ಬಾಯಿಬಿಟ್ಟು ಹೇಳುವುದು. ಶಬ್ದಗಳ ಸ್ಮೃತಿ ಬೇರೆಯಾದುದರಿಂದ ದೃಷ್ಟಿಸ್ಮೃತಿಯ ಹೊರೆ ಇಳಿಯುತ್ತದೆ. ಇದರ ಜೊತೆಗೆ, ಹೊರಡುವ ಮುನ್ನ ಬಲಕ್ಕೆ ಇನ್ನೊಮ್ಮೆ ನೋಡಬೇಕು. ಒಮ್ಮೆ ಕಂಡದ್ದು ಮನಸ್ಸಿನಲ್ಲಿ ನಿಂತೇ ಇದೆಯೆಂದು ನಂಬುವಂತಿಲ್ಲ.